ಬೂದಿದಿಬ್ಬಗಳ ದಾರಿ: ಬಳ್ಳಾರಿಯಿಂದ ಇಸಾಂಪುರದವರೆಗೆ

ಸಂಗನಕಲ್ಲು, ಕುಪ್ಪಗಲ್ಲು

ಬಳ್ಳಾರಿಯ ಬಿಸಿಲು ಡಿಸೆಂಬರಿನಲ್ಲೂ ಹತ್ತು ಗಂಟೆ ದಾಟಿದರೆ ಬಂಡೆ ಕಾಯಿಸಲು ಶುರು ಮಾಡುತ್ತದೆ. ಆರೂವರೆಗೆ ಊರು ಬಿಟ್ಟರೆ ಸಂಗನಕಲ್ಲಿನ ಗುಡ್ಡಗಳ ಬುಡಕ್ಕೆ ಇಪ್ಪತ್ತು ನಿಮಿಷದ ದಾರಿ, ಆಟೋದಲ್ಲೇ ಹೋಗಬಹುದು. ಬೇಗ ಹೊರಡುವುದಕ್ಕೆ ಬಿಸಿಲಷ್ಟೇ ಕಾರಣವಲ್ಲ. ಪಕ್ಕದ ಕುಪ್ಪಗಲ್ಲಿನ ಬಂಡೆಚಿತ್ರಗಳು ಬಣ್ಣದವಲ್ಲ, ಕಪ್ಪು ಬಂಡೆಯ ಮೈಯನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ಮಾಡಿದವು. ನೆತ್ತಿಯ ಮೇಲಿನ ಬಿಸಿಲಲ್ಲಿ ಅವು ಮಾಯವಾಗುತ್ತವೆ, ಓರೆ ಬೆಳಕಿನಲ್ಲಿ ಮಾತ್ರ ಎದ್ದು ಕಾಣುತ್ತವೆ.

ಇಲ್ಲಿರುವುದು ಒಂದೇ ಗುಡ್ಡ ಅಂದುಕೊಂಡು ಬಂದವರು ಅರ್ಧ ನೋಡಿ ಹೋಗುತ್ತಾರೆ. ಸಣ್ಣರಾಚಮ್ಮ ಗುಡ್ಡ, ಚೌಡಮ್ಮ ಗುಡ್ಡ, ಹಿರೇಗುಡ್ಡ ಹೀಗೆ ಬೇರೆ ಬೇರೆ ಹೆಸರಿನವು ಅಕ್ಕಪಕ್ಕದಲ್ಲಿವೆ. ಸಣ್ಣರಾಚಮ್ಮ ಗುಡ್ಡದ ಮೇಲೆ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಉಳಿದ ಬೂದಿಯ ಪದರ, ಅದರ ಮೇಲೆ ಜನ ನೆಲೆನಿಂತು ಬಾಳಿದ ಹಳ್ಳಿಯ ಪದರ. ಇಂಥ ಬೂದಿ ಗುಡ್ಡೆಯಾಗಿ ನಿಂತರೆ ಅದೇ ಬೂದಿದಿಬ್ಬ. ಹಿರೇಗುಡ್ಡದ ಮೇಲೆ ಕೊಡಲಿ ಕಾರ್ಖಾನೆ. ಕಾರ್ಖಾನೆ ಎಂಬುದು ಉತ್ಪ್ರೇಕ್ಷೆಯಲ್ಲ, ಕಾಲಿಟ್ಟಲ್ಲೆಲ್ಲ ಚಕ್ಕೆಗಳೇ.

ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ರಾಬರ್ಟ್ ಬ್ರೂಸ್ ಫುಟ್ ಇಲ್ಲಿಗೆ ಬಂದದ್ದು 1872ರಲ್ಲಿ. 1863ರ ಮೇ 30ರಂದು ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಆಯುಧ ಗುರುತಿಸಿದವರೂ ಇವರೇ. ಈ ಗುಡ್ಡವನ್ನು ಅರ್ಥ ಮಾಡಿಕೊಳ್ಳಲು ಭೂವಿಜ್ಞಾನಿಯ ಕಣ್ಣೇ ಬೇಕಿತ್ತು. ಬೆಟ್ಟವೆಲ್ಲ ಕಣಶಿಲೆ (ಗ್ರಾನೈಟ್), ನಡುವೆ ಕಪ್ಪು ಗೆರೆಯ ಹಾಗೆ ಹಾದುಹೋಗುವುದು ಡಾಲರೈಟ್ ಶಿಲೆ. ಕಣಶಿಲೆಯ ಕಣ ದಪ್ಪ, ಹೊಡೆದರೆ ಪುಡಿಪುಡಿ. ಡಾಲರೈಟಿನ ಕಣ ಸಣ್ಣದು, ಹೊಡೆತ ತಿಂದ ಕಡೆಯಿಂದ ಚಕ್ಕೆ ಏಳುತ್ತದೆ, ಉಜ್ಜಿದರೆ ಅಂಚು ನಿಲ್ಲುತ್ತದೆ. ಕೊಡಲಿಗೆ ಬೇಕಾದ ಕಲ್ಲು ಅದು. ಅದನ್ನು ಉಜ್ಜಲು ಬೇಕಾದ ಒರಟು ಕಲ್ಲು ಪಕ್ಕದಲ್ಲೇ, ಅದೇ ಕಣಶಿಲೆ. ಎರಡೂ ಒಂದೇ ಗುಡ್ಡದಲ್ಲಿ ಸಿಕ್ಕಿದ್ದರಿಂದಲೇ ಈ ಜಾಗ ಕೆಲಸದ ಮನೆಯಾಯಿತು.

ಗುಡ್ಡ ಹತ್ತುವಾಗ ನೆಲ ನೋಡುತ್ತಾ ನಡೆದರೆ ಕೊಡಲಿ ಮಾಡುವ ಕ್ರಮ ತಾನಾಗೇ ತಿಳಿಯುತ್ತದೆ. ಕಪ್ಪು ಗೆರೆಯ ಪಕ್ಕದಲ್ಲಿ ಅಂಗೈಗಿಂತ ದೊಡ್ಡ, ದಪ್ಪ ಚಕ್ಕೆಗಳು: ಬಂಡೆಯಿಂದ ಕಿತ್ತ ತುಂಡಿಗೆ ಸುತ್ತಿಗೆ ಕಲ್ಲಿನಿಂದ ಮೊದಲ ಆಕಾರ ಕೊಟ್ಟ ಜಾಗ. ಅಲ್ಲಿಂದ ಸ್ವಲ್ಪ ದೂರ ಸರಿದರೆ ಚಕ್ಕೆಗಳು ತೆಳುವಾಗುತ್ತವೆ: ಎರಡೂ ಮುಖದಿಂದ ಹೊಡೆದು ನಡು ಉಬ್ಬು, ಅಂಚು ತೆಳು ಮಾಡಿದ್ದು. ಆಮೇಲೆ ಏಣುಗಳನ್ನು ಕುಟ್ಟಿ ಕುಟ್ಟಿ ಸವೆಸುವ ಕೆಲಸ, ಇದಕ್ಕೆ ಚಕ್ಕೆ ಏಳುವುದಿಲ್ಲ, ಬರೀ ಪುಡಿ. ಕೊನೆಗೆ ಕಣಶಿಲೆಯ ಬಂಡೆಯ ಮೇಲೆ ನೀರು ಹಾಕಿ ಉಜ್ಜುವುದು. ಹಾಗೆ ಉಜ್ಜಿ ಉಜ್ಜಿ ಬಿದ್ದ ಗುಳಿಗಳು ಬಂಡೆಗಳ ಮೇಲೆ ಇವತ್ತಿಗೂ ಇವೆ. ಬೆರಳಿಟ್ಟು ನೋಡಿದರೆ ಗುಳಿಯ ಒಳಗೆ ನುಣುಪು, ಅಂಚು ದಾಟಿದ ಕೂಡಲೇ ಒರಟು.

ಕೆಟ್ಟ ಕೊಡಲಿಗಳು ಇನ್ನೂ ಹೆಚ್ಚು ಹೇಳುತ್ತವೆ. ನಡುವಿಗೆ ಸರಿಯಾಗಿ ಎರಡು ತುಂಡಾದವು ಇವೆ: ತುದಿಗೆ ಬಿದ್ದ ಪೆಟ್ಟಿನ ನಡುಕ ಮೈಯೆಲ್ಲ ಹರಿದು ಮಧ್ಯದಲ್ಲಿ ಮುರಿದದ್ದು. ಒಂದು ಮುಖದ ಮೇಲೆ ಮೆಟ್ಟಿಲಿನಂತೆ ಗಂಟು ಉಳಿದವೂ ಇವೆ: ಚಕ್ಕೆ ಪೂರ್ತಿ ಹರಿಯದೆ ಅರ್ಧದಲ್ಲೇ ಕಡಿದುಹೋಗಿದೆ. ಆ ಗಂಟನ್ನು ತೆಗೆಯಲು ಹೋದಷ್ಟೂ ಗಂಟು ಎತ್ತರವಾಗುತ್ತದೆ, ಕೊನೆಗೆ ಬಿಸಾಡುವುದೇ ಗತಿ. ಉಜ್ಜುವ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಕೆಟ್ಟದ್ದನ್ನು ಉಜ್ಜುವ ಮೊದಲೇ ಬಿಡುವ ಲೆಕ್ಕ ಅವರಿಗಿತ್ತು. ಇಲ್ಲಿನ ಉತ್ಪಾದನೆ ಜೋರಾಗಿದ್ದದ್ದು ಸುಮಾರು ಕ್ರಿ.ಪೂ. 1400ರ ನಂತರ. ಇಷ್ಟು ಕೊಡಲಿ ಒಂದು ಹಳ್ಳಿಗೆ ಬೇಕಿರಲಿಲ್ಲ, ಸುತ್ತಲಿನ ಊರುಗಳಿಗೆ ಹೋಗಿರಲೇಬೇಕು.

ಬಂಡೆಚಿತ್ರಗಳಿಗೆ ಡಾಲರೈಟ್ ಗೆರೆಯ ಜಾಡು ಹಿಡಿದೇ ಹೋಗಬೇಕು. ಎಫ್. ಫಾಸೆಟ್ ಇವನ್ನು 1892ರಲ್ಲಿ ದಾಖಲಿಸಿದರು. ಹೆಚ್ಚಿನವು ಎತ್ತುಗಳೇ: ಹಿಣಿಲು ಎದ್ದು ಕಾಣುವ, ಉದ್ದ ಕೊಂಬಿನವು. ಅಲ್ಲೇ ಕೆಲವು ಬಂಡೆಗಳ ಮೇಲೆ ಬಟ್ಟಲಿನಂಥ ಸವೆತಗಳಿವೆ. ಕುರಿ ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರು ತಾವಾಗೇ ಹೇಳಿದರು:

"ಅದು ಕಲ್ಲಲ್ಲ ಸಾರ್, ಗಂಟಿ. ಬಡದ್ರ ಊರಿಗಿ ಕೇಳ್ತೈತಿ."

ನಿಜವೇ. ಸಣ್ಣ ಕಲ್ಲಿನಿಂದ ಮೆಲ್ಲಗೆ ತಟ್ಟಿದರೂ ಲೋಹದ ದನಿ ಬರುತ್ತದೆ. ಸುತ್ತಲಿನ ಬಂಡೆಗಳ ನಡುವೆ ಸಡಿಲವಾಗಿ ಕೂತ, ನೆಲಕ್ಕೆ ಹೆಚ್ಚು ತಾಗದ ಡಾಲರೈಟ್ ಗುಂಡುಗಳಿಗೆ ಮಾತ್ರ ಈ ದನಿ. ಒಮ್ಮೆ ತಟ್ಟಿ ಕೇಳಿದರೆ ಸಾಕು, ಜೋರಾಗಿ ಬಡಿದರೆ ಹಳೆಯ ಸವೆತದ ಮೇಲೆ ಹೊಸ ಗಾಯವಾಗುತ್ತದೆ. ಕಲ್ಲುಗಣಿಯಿಂದ ಈ ಗುಡ್ಡಗಳಿಗೆ ಆಗಿರುವ ಗಾಯವೇ ಬೇಕಾದಷ್ಟಿದೆ.

ಇಳಿದು ಬಂದಾಗ ಊರಿನ ಹೋಟೆಲಿನಲ್ಲಿ ಬಿಸಿ ಮಂಡಕ್ಕಿ ಒಗ್ಗರಣೆ, ಮೇಲೆ ಎರಡು ಮಿರ್ಚಿ. ಮಧ್ಯಾಹ್ನದ ಬಿಸಿಲಿಗೆ ಬಳ್ಳಾರಿಯಲ್ಲಿರುವ ಫುಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಒಳ್ಳೆಯ ಜಾಗ. ಗುಡ್ಡ ನೋಡಿದ ಮೇಲೆ ಹೋದರೆ ಮಾತ್ರ ಅಲ್ಲಿನ ಕೊಡಲಿಗಳು ಗಾಜಿನ ಪೆಟ್ಟಿಗೆಯ ವಸ್ತುಗಳಾಗಿ ಉಳಿಯುವುದಿಲ್ಲ.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಹುರುಳಿ ಕಟ್ಟಿನ ಸಾರು. ಈ ತಟ್ಟೆಯಲ್ಲಿ ಹುರುಳಿಯೇ ಹಿರಿಯ. ಇಲ್ಲಿನ ಮಣ್ಣನ್ನು ನೀರಿನಲ್ಲಿ ಕಲಸಿ ತೇಲಿ ಬಂದ ಸುಟ್ಟ ಕಾಳುಗಳನ್ನು ಸೋಸಿ ನೋಡಿದಾಗ ಸಿಕ್ಕಿದ ಮುಖ್ಯ ಬೆಳೆಗಳು ಹುರುಳಿ, ಹೆಸರು, ಕೊರಲೆಯಂಥ ಸಣ್ಣ ಕಿರುಧಾನ್ಯಗಳು. ಎಲ್ಲವೂ ಮಳೆ ನಂಬಿ ಬೆಳೆಯುವಂಥವು. ಗೋಧಿ, ಜವೆ ಆಮೇಲೆ ಬಂದವು, ಅದೂ ಸ್ವಲ್ಪ. ಜೋಳ ಆಫ್ರಿಕಾ ಮೂಲದ್ದು, ಈ ಸೀಮೆಯ ಹೆಮ್ಮೆಯ ರೊಟ್ಟಿ ಆ ಕಾಲದ ಒಲೆ ಕಂಡದ್ದಲ್ಲ.

ಕುಡತಿನಿ, ನಿಂಬಾಪುರ

ಹೊಸಪೇಟೆ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಹೋದರೆ ಕುಡತಿನಿ. ಅದಿರು ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಅಷ್ಟಕ್ಕೇ ಒಂದು ಗಂಟೆ. ಕಿಟಕಿ ಏರಿಸಿಕೊಂಡೇ ಹೋಗಬೇಕು, ಕೆಂಪು ಧೂಳು ಹಲ್ಲಿಗೆ ಹತ್ತುತ್ತದೆ. ಕುಡತಿನಿ ಅಂದರೆ ಈಗ ಎಲ್ಲರಿಗೂ ಉಷ್ಣ ವಿದ್ಯುತ್ ಸ್ಥಾವರ, ಅದರ ಹಾರುಬೂದಿ. ಅದೇ ಊರಿನ ಆಚೆ ನಾಲ್ಕು ಸಾವಿರ ವರ್ಷದ ಇನ್ನೊಂದು ಬೂದಿ ಇರುವುದು ಲಾರಿಯವರಿಗೂ ಗೊತ್ತಿಲ್ಲ.

ದೂರದಿಂದ ನೋಡಿದರೆ ಅದು ಒಂದು ಬೋಳು ದಿಬ್ಬ, ಸುತ್ತಲೂ ಬಳ್ಳಾರಿ ಜಾಲಿ. ಚಪ್ಪಲಿಯಲ್ಲಿ ಹೋಗಬಾರದು, ಆ ಮುಳ್ಳು ರಬ್ಬರನ್ನು ತೂರಿ ಬರುತ್ತದೆ. ಬೈಕಿನ ಚಕ್ರಕ್ಕೂ ಕರುಣೆ ತೋರಿಸುವುದಿಲ್ಲ: ಡಾಂಬರು ಬಿಟ್ಟು ಇಳಿದ ಬೈಕಿಗೆ ಪಂಕ್ಚರ್ ಆಗಿ, ಅಂಗಡಿಯವನು ಬರುವವರೆಗೆ ದಿಬ್ಬವನ್ನು ಸಾವಕಾಶವಾಗಿ ನೋಡುವಂತಾಯಿತು. ವಾಹನ ರಸ್ತೆಯಲ್ಲೇ ಬಿಟ್ಟು ನಡೆಯುವುದು ಲೇಸು.

ಮಳೆ ಕೊರೆದ ಕಡೆ ಒಳಗಿನ ಪದರ ಕಾಣುತ್ತದೆ. ಒಂದು ಪದರ ಹಿಟ್ಟಿನಂಥ ಬಿಳಿ-ಬೂದು ಬಣ್ಣದ ಬೂದಿ. ಇನ್ನೊಂದು ಕಂದು, ದನ ತುಳಿದು ಗಟ್ಟಿಯಾಗಿ ಸುಡದೆ ಉಳಿದ ಸಗಣಿ. ಅವುಗಳ ನಡುವೆ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ ಹೆಂಟೆಗಳು. ಒಂದು ಹೆಂಟೆಯನ್ನು ಕೈಯಲ್ಲಿ ಹಿಡಿದರೆ ಕಲ್ಲಿನಷ್ಟು ತೂಕವಿಲ್ಲ, ತುಂಬ ಗುಳ್ಳೆಗಳ ತೂತು, ಮುರಿದ ಕಡೆ ಹಸಿರು ಛಾಯೆಯ ಹೊಳಪು. ಹುಲ್ಲಿನಲ್ಲಿ ಮರಳಿನ ಅಂಶವಿರುತ್ತದೆ, ದನದ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ, ಸಗಣಿಯಲ್ಲಿ ಉಳಿಯುತ್ತದೆ. ಸಗಣಿಯಲ್ಲೇ ಇರುವ ಕ್ಷಾರ ಅದನ್ನು ಕರಗಿಸಲು ನೆರವಾಗುತ್ತದೆ. ಒಂದು ಬುಟ್ಟಿ ಕುಳ್ಳು ಸುಟ್ಟರೆ ಬರೀ ಬೂದಿ. ದೊಡ್ಡ ರಾಶಿಗೆ ಬೆಂಕಿ ಬಿದ್ದು, ಕಾವು ಒಳಗೇ ಕೂಡಿಕೊಂಡು ಉರಿದರೆ ಮಾತ್ರ ಈ ಗಾಜು.

ಇದು ಏನು ಅಂತ ನೂರು ವರ್ಷಕ್ಕೂ ಹೆಚ್ಚು ಕಾಲ ಜಗಳ ನಡೆಯಿತು. ಜ್ವಾಲಾಮುಖಿ ಎಂದವರಿದ್ದರು, ಹೆಣ ಸುಟ್ಟ ಚಿತೆ ಎಂದವರಿದ್ದರು. ದನದ ಹಟ್ಟಿಗಳ ಅವಶೇಷ ಎಂಬ ಕಡೆಗೆ ಫುಟ್ ಆಗಲೇ ಬೆರಳು ತೋರಿಸಿದ್ದರು. 1957ರಲ್ಲಿ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಅಗೆದಾಗ ಸುತ್ತಲೂ ನೆಟ್ಟ ಮರದ ಕಂಬಗಳ ಗುಳಿಗಳು ಸಿಕ್ಕವು, ಬೂದಿಯ ಮೇಲೆ ದನದ ಗೊರಸಿನ ಗುರುತೂ ಸಿಕ್ಕಿತು. ಅಲ್ಲಿಗೆ ಚಿತೆಯ ವಾದ ಮುಗಿಯಿತು.

ಆದರೂ ಒಂದು ಪ್ರಶ್ನೆ ಉಳಿಯಿತು, ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ್ದು ಅದೇ. ಸಗಣಿ ಗೊಬ್ಬರವಾಗುತ್ತದೆ, ಕುಳ್ಳಾಗುತ್ತದೆ. ಉರುವಲಿಗೆ ಬರುವ ಸರಕನ್ನು ತಲೆಮಾರುಗಟ್ಟಲೆ ಒಂದೇ ಕಡೆ ರಾಶಿ ಹಾಕಿ, ಆಗಾಗ ಬೆಂಕಿ ಇಟ್ಟು, ಬೂದಿಯನ್ನೂ ಬಳಸದೆ ಅದರ ಮೇಲೇ ಮತ್ತೆ ರಾಶಿ ಹಾಕಿದರಲ್ಲ, ಯಾಕೆ? ಆಕಸ್ಮಿಕ ಬೆಂಕಿ ಒಂದೆರಡು ಪದರಕ್ಕೆ ಉತ್ತರವಾದೀತು, ಇಷ್ಟೊಂದು ಪದರಕ್ಕಲ್ಲ. ಹೋಳಿ, ದೀಪಾವಳಿ, ಸಂಕ್ರಾಂತಿಯ ಬೆಂಕಿಯ ಆಚರಣೆಗಳನ್ನು ಆಲ್ಚಿನ್ ಇದರ ಪಕ್ಕದಲ್ಲಿಟ್ಟು ನೋಡಿದರು. ದಕ್ಷಿಣ ಕರ್ನಾಟಕದವರಿಗೆ ಸಂಕ್ರಾಂತಿ ಸಂಜೆ ದನಗಳನ್ನು ಕಿಚ್ಚು ಹಾಯಿಸುವುದು ಗೊತ್ತು. ಉತ್ತರದವರಿಗೆ ಹಟ್ಟಿ ಹಬ್ಬದಲ್ಲಿ ಸಗಣಿಯ ಪಾಂಡವರನ್ನು ಮಾಡಿ ಚೆಂಡುಹೂ ಸಿಕ್ಕಿಸುವುದು ಗೊತ್ತು. ನಾಲ್ಕು ಸಾವಿರ ವರ್ಷದ ನೇರ ಎಳೆ ಇದು ಎಂದು ಸಾಧಿಸುವುದು ಅತಿಯಾದೀತು. ಆದರೆ ಋತುವಿಗೊಮ್ಮೆ ಹಲವು ಹಟ್ಟಿಗಳವರು ಸೇರಿ, ಕೂಡಿಟ್ಟದ್ದನ್ನು ಎಲ್ಲರ ಕಣ್ಣೆದುರು ಸುಟ್ಟರು ಎಂಬ ಓದು ದಿಬ್ಬದ ಪದರಗಳಿಗೆ ಹೊಂದುತ್ತದೆ. ದಿಬ್ಬ ಎಷ್ಟು ಎತ್ತರವೋ ಅಷ್ಟು ದನ, ಅಷ್ಟು ವರ್ಷ, ಅಷ್ಟು ಜನ.

ಈ ದಿಬ್ಬಗಳು ಏಳುತ್ತಿದ್ದ ಕಾಲದಲ್ಲೇ ಮೊಹೆಂಜೊದಾರೊದಲ್ಲಿ 1:2:4 ಅಳತೆಯ ಇಟ್ಟಿಗೆಯಲ್ಲಿ ಬೀದಿಗಳನ್ನು ಕಟ್ಟುತ್ತಿದ್ದರು. ಅಲ್ಲಿ ಬಚ್ಚಲು, ಬಾವಿ, ಮುದ್ರೆ. ಇಲ್ಲಿ ಹಟ್ಟಿ, ಸಗಣಿ, ಬೆಂಕಿ. ನಗರ ಕಟ್ಟದವರು ಸಮಾಜವನ್ನೂ ಕಟ್ಟಿರಲಿಲ್ಲ ಎಂದುಕೊಂಡವರು ಕುಡತಿನಿಯ ರಸ್ತೆ ಬದಿಯಲ್ಲಿ ಅರ್ಧ ಗಂಟೆ ನಿಲ್ಲಬೇಕು.

ಹಂಪಿಗೆ ಹೋಗುವವರು ವಿಠ್ಠಲ ದೇವಸ್ಥಾನ ನೋಡಿ ತಿರುಗುತ್ತಾರೆ. ತಳವಾರಘಟ್ಟದ ಹತ್ತಿರ ನಿಂಬಾಪುರದಲ್ಲಿ ಇಂಥದೇ ಬೂದಿಯ ದಿಬ್ಬವಿದೆ. ಅಲ್ಲಿನವರಿಗೆ ಅದು ವಾಲಿಯನ್ನು ಸುಟ್ಟ ಜಾಗ. ಕಿಷ್ಕಿಂಧೆಯ ಊರಿನಲ್ಲಿ ಬೂದಿಗುಡ್ಡ ಕಂಡವರು ಬೇರೇನು ಹೇಳಿಯಾರು?

ಹಿರೇಬೆಣಕಲ್

ಗಂಗಾವತಿಯಲ್ಲಿ ಉಳಿದರೆ ಅನುಕೂಲ. ಅಲ್ಲಿಂದ ಕೊಪ್ಪಳ ರಸ್ತೆಯಲ್ಲಿ ಸುಮಾರು 10 ಕಿ.ಮೀ. ಹೋದರೆ ಹಿರೇಬೆಣಕಲ್. ಭತ್ತದ ಗದ್ದೆ ದಾಟಿ ಊರು, ಊರಿನ ಹಿಂದೆ ಗುಡ್ಡ, ಅದರ ಮೇಲೆ ಸತ್ತವರಿಗಾಗಿ ಕಟ್ಟಿದ ಕಲ್ಲಿನ ಕೋಣೆಗಳು. ಮೇಲಕ್ಕೆ ಒಂದು ಗಂಟೆಯ ನಡಿಗೆ. ದಾರಿ ಅಂತ ಇರುವುದು ದನ, ಕುರಿ ಮಾಡಿದ ಜಾಡುಗಳು, ಅವು ಒಡೆಯುತ್ತಾ ಹೋಗುತ್ತವೆ. ಮೊಬೈಲಿನ ನಕ್ಷೆ ತೋರಿಸುವ ಗೆರೆ ಬಂಡೆಯ ಅಂಚಿಗೆ ತಂದು ನಿಲ್ಲಿಸುತ್ತದೆ. ಊರಿನಿಂದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದೇ ಸರಿ. ಕರಡಿ, ಚಿರತೆ ಓಡಾಡುವ ಬೆಟ್ಟಸಾಲು, ನಸುಕಿನಲ್ಲಿ ಮತ್ತು ಹೊತ್ತು ಮುಳುಗಿದ ಮೇಲೆ ಬೇಡ. ತಲೆಗೆ ಎರಡು ಲೀಟರ್ ನೀರು ಬೇಕು, ಮೇಲಿನ ಕೆರೆಯ ನೀರನ್ನು ನಂಬುವಂತಿಲ್ಲ.

ಜೊತೆಗೆ ಬಂದ ಹುಡುಗ ಮೊದಲೇ ಎಚ್ಚರಿಸಿದ: "ಮೋರ್ಯಾರ ಮನಿ ನೋಡಾಕ್ ಬಂದೀರಂದ್ರ ಒಳಗ ಕುಂತು ಫೋಟೋ ತಗಸ್ಕೋಬ್ಯಾಡ್ರಿ ಅಣ್ಣಾ. ಕಲ್ಲು ಅಳ್ಳಾಡ್ತಾವು."

ಮೋರ್ಯರು ಅಂದರೆ ಗಿಡ್ಡ ಜನ, ಅವರು ಕಟ್ಟಿಕೊಂಡ ಮನೆಗಳು ಇವು ಅಂತ ಊರಿನ ಮಾತು. ಚಂದ್ರಗುಪ್ತನ ವಂಶಕ್ಕೂ ಇದಕ್ಕೂ ಸಂಬಂಧ ಹಚ್ಚುವವರು ಆಗಾಗ ಹುಟ್ಟುತ್ತಾರೆ, ಅದನ್ನು ಅಲ್ಲಿಗೇ ಬಿಡಬಹುದು. ಮೀಡೋಸ್ ಟೇಲರ್ 19ನೇ ಶತಮಾನದಲ್ಲಿ ಇವುಗಳ ಬಗ್ಗೆ ಬರೆದ, ಆಮೇಲೆ ಎ. ಸುಂದರ ಅವರು ಇಂಥ ಕಲ್ಗೋರಿಗಳನ್ನು ಊರೂರು ತಿರುಗಿ ವರ್ಗೀಕರಿಸಿದರು. ಮೇಲೆ ಹೋಗಿ ನಿಂತರೆ ಸುಮಾರು ನಾನ್ನೂರು ನಿರ್ಮಿತಿಗಳ ಊರೇ ಇದೆ. ಕಾಲ ಸುಮಾರು ಕ್ರಿ.ಪೂ. 800ರಿಂದ 200. 2021ರಲ್ಲಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ದೊಡ್ಡ ಕೋಣೆಗಳು ಆಳೆತ್ತರಕ್ಕೂ ಮೇಲಿವೆ: ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಹೊದಿಕೆ ಚಪ್ಪಡಿ, ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಚಪ್ಪಡಿ ಎಲ್ಲಿಂದ ಬಂತು ಅಂತ ಹುಡುಕಲು ದೂರ ಹೋಗಬೇಕಿಲ್ಲ. ಇಲ್ಲಿನ ಕಣಶಿಲೆ ಬಿಸಿಲು-ಚಳಿಗೆ ಪದರ ಪದರವಾಗಿ ತಾನೇ ಬಿಡುತ್ತದೆ. ಹಾಗೆ ಬಿಟ್ಟ ಪದರದ ಸಂದಿಗೆ ಬೆಣೆ ಕೊಟ್ಟು ಎಬ್ಬಿಸಿದರೆ ಹೆಚ್ಚು ಕೆತ್ತುವ ಕೆಲಸವಿಲ್ಲದೆ ಚಪ್ಪಡಿ ಸಿಗುತ್ತದೆ. ಕಲ್ಲು ತೆಗೆದ ತಗ್ಗೇ ಕೆರೆಯಾಗಿ, ಸತ್ತವರ ಮನೆ ಕಟ್ಟಲು ಬಂದವರಿಗೂ ಅವರ ದನಕ್ಕೂ ನೀರಾಯಿತು. ಕಷ್ಟವಿದ್ದದ್ದು ಎತ್ತುವುದರಲ್ಲಿ: ನೆಟ್ಟ ಕಲ್ಲುಗಳ ತಲೆ ಒಂದೇ ಮಟ್ಟಕ್ಕೆ ಬರದಿದ್ದರೆ ಹೊದಿಕೆ ಕಲ್ಲು ಒಂದೇ ಮೂಲೆಗೆ ಭಾರ ಹಾಕಿ ಕೂರುತ್ತದೆ, ಆ ಮೂಲೆಯ ಕಲ್ಲು ಸೀಳುತ್ತದೆ. ಕೆಲವು ಕೋಣೆಗಳು ಬಿದ್ದಿರುವುದು ಹೀಗಿರಬಹುದು. ಇನ್ನು ಕೆಲವನ್ನು ನಿಧಿ ಹುಡುಕುವವರು ಕೆಡವಿದ್ದಾರೆ.

ಅಲ್ಲೇ ಒಂದು ಎತ್ತರದ ಬಂಡೆಯ ಮೇಲೆ ನಗಾರಿ ಆಕಾರದ ಅರ್ಧಗೋಲ ಕಲ್ಲು. ಬಡಿದರೆ ದನಿ ದೂರ ಹೋಗುತ್ತದೆ. ಕುಪ್ಪಗಲ್ಲಿನ ಗಂಟೆಕಲ್ಲಿಗೂ ಇದಕ್ಕೂ ನಡುವೆ ನೂರಾರು ವರ್ಷಗಳಿವೆ, ಆದರೂ ಕಲ್ಲಿನಲ್ಲಿ ದನಿ ಹುಡುಕುವ ಚಟ ಈ ಸೀಮೆಗೆ ಹೋಗಿರಲಿಲ್ಲ. ಇಳಿಯುವಾಗ ಬಂಡೆಯ ಮೇಲೆ ಎಳೆಬಿಸಿಲಿನ ಇಬ್ಬನಿ ಇನ್ನೂ ಇದ್ದರೆ ಜಾರುತ್ತದೆ, ಹತ್ತುವುದಕ್ಕಿಂತ ಇಳಿಯುವುದಕ್ಕೆ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕು.

ಮಸ್ಕಿ, ಹಟ್ಟಿ

ಸಿಂಧನೂರಿನ ಮೇಲೆ ಮಸ್ಕಿ. ದಾರಿಯುದ್ದಕ್ಕೂ ತುಂಗಭದ್ರಾ ಕಾಲುವೆಯ ಹಸಿರು, ಅಕ್ಕಿ ಗಿರಣಿಗಳ ಹೊಗೆ. ಮಸ್ಕಿಯಲ್ಲಿ ಎಲ್ಲರೂ ನೋಡುವುದು ಅಶೋಕನ ಶಾಸನ. 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದದ್ದು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಇದ್ದದ್ದರಿಂದ ಪ್ರಸಿದ್ಧ. ಕಡಿಮೆ ಜನ ನೋಡುವುದು ಅದೇ ಗುಡ್ಡದ ಬುಡದ ಹೊಲಗಳನ್ನು: 1954ರಲ್ಲಿ ಬಿ. ಕೆ. ಥಾಪರ್ ಅಗೆದಾಗ ಶಾಸನಕ್ಕಿಂತ ಬಹಳ ಹಿಂದಿನ ಹಳ್ಳಿಯ ಪದರ ಅಲ್ಲಿ ಸಿಕ್ಕಿತು. ಬೀಡನ್ ಹುಡುಕಿ ಬಂದ ಚಿನ್ನವನ್ನು ಮುಂದಿನ ಹಟ್ಟಿ ಎಂಬ ಊರಿನಲ್ಲಿ ಇವತ್ತಿಗೂ ತೆಗೆಯುತ್ತಾರೆ, ಬೆಂಕಿ ಹಾಕಿ ಬಂಡೆ ಸೀಳಿದ ಹಳಬರ ಗುಂಡಿಗಳೂ ಅಲ್ಲಿವೆ. ಗಣಿಯೊಳಗೆ ಬಿಡುವುದಿಲ್ಲ. ತಿಂಥಿಣಿ ಸೇತುವೆಯಲ್ಲಿ ಕೃಷ್ಣೆ ದಾಟಿದರೆ ಸುರಪುರ ಸೀಮೆ.

ಹುಣಸಗಿ, ಬೂದಿಹಾಳ, ಇಸಾಂಪುರ

ಹಿಂದಿನ ರಾತ್ರಿ ಅಕಾಲದಲ್ಲಿ ನಾಲ್ಕು ಹನಿ ಬಿದ್ದಿತ್ತು. ಎರೆ ಭೂಮಿಯಲ್ಲಿ ಅಷ್ಟೇ ಸಾಕು. ಕಾರಿನ ಚಕ್ರಕ್ಕೆ ಮಣ್ಣು ಸುತ್ತಿ ಸುತ್ತಿ ಮಡ್‌ಗಾರ್ಡಿಗೆ ತಾಗಿ ನಿಂತಿತು. ಹೊಲದಲ್ಲಿ ತೊಗರಿ ನೋಡುತ್ತಿದ್ದವರು ಬಂದು, ಕಟ್ಟಿಗೆ ತುಂಡಿನಿಂದ ಮಣ್ಣು ಕೆತ್ತಿ, ತಳ್ಳಿ ಎಬ್ಬಿಸಿದರು.

"ಮಳಿ ಬಿದ್ದ ದಿನ ಎರಿ ಹೊಲಕ್ಕ ಯಾರರ ಗಾಡಿ ತರ್ತಾರೇನ್ರಿ? ಒಂದಿನ ಬಿಸಲು ಬೀಳ್ಲಿ. ಏನ್ ನೋಡಾಕ್ ಹೊಂಟೀರಿ?"

ಬೂದಿಹಾಳದ ದಿಬ್ಬ ಅಂದದ್ದಕ್ಕೆ ಅವರು ಗೊಬ್ಬರಕ್ಕೆ ಬೂದಿ ಹೇರಿದ ಕಾಲವನ್ನು ನೆನೆದರು. ಅನೇಕ ಬೂದಿದಿಬ್ಬಗಳು ಹೀಗೇ ಗಾಡಿಗಟ್ಟಲೆ ಹೊಲ ಸೇರಿವೆ. ಹಳಬರು ಗೊಬ್ಬರ ಮಾಡದೆ ಬಿಟ್ಟದ್ದನ್ನು ಇವರು ಮಾಡಿದರು.

ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1989ರಿಂದ 1997ರವರೆಗೆ ಅಗೆದರು. ಅದಕ್ಕೆ ಮೊದಲು ಬೂದಿದಿಬ್ಬ ಅಂದರೆ ಬಯಲಿನಲ್ಲಿ ಒಂಟಿ ದೊಡ್ಡಿ ಎಂಬ ಭಾವನೆ ಇತ್ತು. ಇಲ್ಲಿ ದೊಡ್ಡಿಗೆ ಅಂಟಿಕೊಂಡೇ ಮನೆಗಳು, ಗಡಿಗೆಯಲ್ಲಿಟ್ಟು ಹೂಳಿದ ಮಕ್ಕಳು, ಕಲ್ಲಿನ ಅಲಗು ಮಾಡುವ ಜಾಗ, ದನ ಕೊಯ್ದು ಹಂಚಿದ ವಿಶಾಲವಾದ ನೆಲ ಸಿಕ್ಕವು. ಒಂದು ಮನೆಯವರ ಊಟಕ್ಕೆ ಅಷ್ಟು ದೊಡ್ಡ ನೆಲ ಬೇಕಿಲ್ಲ. ಈಗ ಹೋದವರಿಗೆ ಕಾಣುವುದು ತಗ್ಗು-ದಿಣ್ಣೆ ಮಾತ್ರ, ಓದಿಕೊಂಡು ಹೋಗದಿದ್ದರೆ ನಿರಾಸೆ ಖಂಡಿತ.

ಇಸಾಂಪುರ ಹುಣಸಗಿಗೆ ಹತ್ತಿರ. ಇದು ಬೂದಿದಿಬ್ಬಗಳಿಗಿಂತ ಬಹಳ ಹಿಂದಿನ ಹಳೆ ಶಿಲಾಯುಗದ ನೆಲೆ, ಇಲ್ಲಿಗೆ ಬಂದರೆ ಸಾಕಿದ ದನವೂ ಇಲ್ಲ, ಮಡಕೆಯೂ ಇಲ್ಲ. ನೀರಾವರಿ ಕಾಮಗಾರಿಗೆ ಕಪ್ಪು ಮಣ್ಣು ಹೊತ್ತೊಯ್ದಾಗ ಅಡಿಯಲ್ಲಿದ್ದ ಸುಣ್ಣಕಲ್ಲಿನ ಹಾಸು ತೆರೆದುಕೊಂಡಿತು, ಅದರ ಮೇಲೆ ಕೈಗೊಡಲಿಗಳು, ಅಗಲ ಅಂಚಿನ ಕಲ್ಲಿನ ಸೀಳುಗತ್ತಿಗಳು, ಚಕ್ಕೆ ರಾಶಿಗಳು. ಪದ್ದಯ್ಯನವರ ತಂಡ ಇಲ್ಲಿ ಅಗೆದದ್ದು 1997ರ ನಂತರ. ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಗಳ ಹಲ್ಲಿನ ಎನಾಮಲ್ ಕಾಲಾಂತರದಲ್ಲಿ ತಿಂದ ವಿಕಿರಣವನ್ನು ಅಳೆದು ಸುಮಾರು 12 ಲಕ್ಷ ವರ್ಷ ಎಂಬ ಅಂದಾಜು ಬಂತು. ಹಲ್ಲು ಮಣ್ಣಿನಿಂದ ಯುರೇನಿಯಂ ಯಾವಾಗ ಹೀರಿತು ಎಂಬ ಊಹೆ ಬದಲಾದರೆ ಲೆಕ್ಕ ಏಳು ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ಯಾವುದನ್ನು ಹಿಡಿದರೂ ನಮ್ಮ ಜಾತಿಯ ಮನುಷ್ಯ ಆಗ ಹುಟ್ಟಿರಲಿಲ್ಲ.

ಇಲ್ಲಿನ ಸಿಲಿಕಾ ಬೆರೆತ ಸುಣ್ಣಕಲ್ಲು ಹಲಗೆ ಹಲಗೆಯಾಗಿ ಏಳುತ್ತದೆ. ಬೇಕಾದ ದಪ್ಪದ ಹಲಗೆ ಆರಿಸಿಕೊಂಡರೆ ಅಂಚು ಹೊಡೆದರೆ ಸಾಕು, ಕೈಗೊಡಲಿ ಅರ್ಧ ಸಿದ್ಧ. ದಪ್ಪ ಹಲಗೆಯಿಂದ ದೊಡ್ಡ ಚಕ್ಕೆ ಎಬ್ಬಿಸಿ ಅದನ್ನೇ ಸೀಳುಗತ್ತಿ ಮಾಡುತ್ತಿದ್ದರು. ಹೊಡೆಯಲು ಮಾತ್ರ ಬೇರೆ ಜಾತಿಯ ಗಟ್ಟಿ ಗುಂಡುಕಲ್ಲುಗಳನ್ನು ತರುತ್ತಿದ್ದರು. ಕಣಿವೆಯಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಗಳಿದ್ದವು, ಹುಣಸಗಿ-ಬೈಚಬಾಳ ಕಣಿವೆಗಳಲ್ಲಿ ಈ ಕಾಲದ ನೂರಾರು ನೆಲೆಗಳು ಸಿಕ್ಕಿರುವುದಕ್ಕೆ ಮುಖ್ಯ ಕಾರಣ ಅದು.

ಹೊಲದ ಬದುವಿನಲ್ಲಿ ಬಿದ್ದ ಕಲ್ಲು ಮನುಷ್ಯ ಹೊಡೆದದ್ದೋ ಟ್ರ್ಯಾಕ್ಟರ್ ನೇಗಿಲು ಹೊಡೆದದ್ದೋ ತಿಳಿಯಲು ಎರಡು ಗುರುತು. ಪೆಟ್ಟು ಬಿದ್ದ ಜಾಗದ ಕೆಳಗೆ ಚಕ್ಕೆಯ ಒಳಮೈಯಲ್ಲಿ ಸಣ್ಣ ಉಬ್ಬು ಇರಬೇಕು, ಅದೂ ಒಂದಲ್ಲ, ಅಂಚಿನುದ್ದಕ್ಕೂ ಒಂದೇ ಲಯದಲ್ಲಿ ಎದ್ದ ಹಲವು ಚಕ್ಕೆಗಳ ಗುರುತು ಕಾಣಬೇಕು. ಮುರಿದ ಮೈಯ ಬಣ್ಣವೂ ಉಳಿದ ಮೈಯಂತೆ ಮಾಸಿರಬೇಕು. ಹೊಸ ಪೆಟ್ಟಿನ ಮೈ ಕಪ್ಪಾಗಿ ಹಸಿಯಾಗಿ ಕಾಣುತ್ತದೆ. ನೋಡಿ, ಫೋಟೋ ತೆಗೆದು, ಇದ್ದ ಕಡೆ ಇದ್ದ ಹಾಗೆ ಇಡಬೇಕು. ಜಾಗ ತಪ್ಪಿದ ಕಲ್ಲಿನಿಂದ ಯಾರೂ ಏನೂ ಓದಲಾರರು.

ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಇಲ್ಲಿನ ಹೊಲದ ದಾರಿಗಳು ಕೆಸರು, ಗದ್ದೆಯೊಳಗೆ ಕಾಲಿಡಲು ರೈತರೂ ಒಪ್ಪುವುದಿಲ್ಲ. ಕಟಾವು ಮುಗಿದ ಮೇಲೆ, ಹೊಲದವರನ್ನು ಕೇಳಿಕೊಂಡು ಹೋಗಬೇಕು. ಮರಳಲು ಹುಣಸಗಿಯಿಂದ ಸುರಪುರ, ಶಹಾಪುರದ ಮೇಲೆ ಯಾದಗಿರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ಸುರಪುರದಲ್ಲಿ ಇಳಿದು ಊಟ ಮುಗಿಸಿಕೊಳ್ಳುವುದು ಒಳ್ಳೆಯದು: ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು.